ಒಳಹರಿವು, ಹೊರಹರಿವು ಒಂದೇ ಪರದೆಯಲ್ಲಿ: ಟ್ರೆಂಡ್ ಗೆರೆಯ ಇತಿಹಾಸ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಯಿತು, ಗೇಟು ಕೊಚ್ಚಿಹೋಯಿತು. ಆಗ ಜಲಾಶಯ ತುಂಬಿತ್ತು. ಮುಂದಿನ ಒಂದು ವಾರ ಹೊಸಪೇಟೆ, ಕಂಪ್ಲಿ, ಗಂಗಾವತಿ, ಸಿರುಗುಪ್ಪದ ರೈತರು ದಿನವೂ ಮೂರು ಅಂಕಿಗಳಿಗಾಗಿ ಕಾದರು: ನೀರಿನ ಮಟ್ಟ ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು.

ಈ ಮೂರನ್ನು ಬಿಡಿಬಿಡಿಯಾಗಿ ಯಾರೂ ಓದುವುದಿಲ್ಲ. ಒಳಹರಿವಿಗಿಂತ ಹೊರಹರಿವು ಹೆಚ್ಚಾದರೆ ಮಟ್ಟ ಇಳಿಯುತ್ತದೆ, ಹಿಂಗಾರಿನ ಬೆಳೆಗೆ ನೀರು ಕಷ್ಟ. ನಿನ್ನೆಯ ಅಂಕಿ, ಮೊನ್ನೆಯ ಅಂಕಿಗಳ ಪಕ್ಕದಲ್ಲಿಟ್ಟಾಗಲೇ ಇವತ್ತಿನ ಅಂಕಿಗೆ ಅರ್ಥ. ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಕೂತ ಆಪರೇಟರ್ ಕೂಡ ಇದೇ ರೀತಿ ಓದುತ್ತಾನೆ. ಅವನಿಗೆ ಆ ಓದನ್ನು ಒದಗಿಸುವುದೇ ಪರದೆಯ ಮೇಲಿನ ಟ್ರೆಂಡ್ ಚಾರ್ಟ್.

ಈ ವಿಡಿಯೋದಲ್ಲಿ ಆ ಗೆರೆ ಎಲ್ಲಿಂದ ಬಂತು, ಅದನ್ನೂ ಅದರ ಜೊತೆಗಿನ ಚಿತ್ರಗಳನ್ನೂ ಹೇಗೆ ಹೊಂದಿಸಬೇಕು ಎಂದು ನೋಡೋಣ. ಚೋರನೂರು, ಬಂಡ್ರಿ, ಸಂಡೂರಿನಿಂದ ತೋರಣಗಲ್ಲಿಗೆ ಶಿಫ್ಟ್‌ಗೆ ಹೋಗುವವರು, ಐಟಿಐ, ಡಿಪ್ಲೊಮಾ ಓದುತ್ತಿರುವವರು ಇದನ್ನು ಪೂರ್ತಿ ನೋಡಿ.

ಮೊದಲು ಇತಿಹಾಸ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಮೌಲ್ಯ: ಈ ಬಗೆಯ ಗೆರೆಯನ್ನು ಬಳಕೆಗೆ ತಂದವರು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. 1786ರ ತಮ್ಮ ಪುಸ್ತಕದಲ್ಲಿ ಇಂಗ್ಲೆಂಡಿನ ಆಮದು-ರಫ್ತುಗಳನ್ನು ಗೆರೆಗಳಲ್ಲಿ ತೋರಿಸಿದರು. ಗಮನಿಸಿ, ಅಲ್ಲಿ ಒಳಬರುವುದು ಮತ್ತು ಹೊರಹೋಗುವುದು ಎರಡೂ ಒಂದೇ ಚಿತ್ರದಲ್ಲಿದ್ದವು. ಹತ್ತು ವರ್ಷದ ನಂತರ, 1796ರಲ್ಲಿ, ಜೇಮ್ಸ್ ವಾಟ್ ಅವರ ಸಹಾಯಕ ಜಾನ್ ಸದರ್ನ್ ಉಗಿಯಂತ್ರದ ಒತ್ತಡಕ್ಕೆ ಪೆನ್ಸಿಲ್ ಜೋಡಿಸಿದರು. ಯಂತ್ರವೇ ತನ್ನ ಸ್ಥಿತಿಯನ್ನು ಕಾಗದದ ಮೇಲೆ ಬರೆಯತೊಡಗಿತು.

ನೀರಿನ ಮಟ್ಟದ ಸರದಿ 1831ರಲ್ಲಿ ಬಂತು. ಸಮುದ್ರದ ಉಬ್ಬರವಿಳಿತವನ್ನು ತಾನಾಗಿ ದಾಖಲಿಸುವ ಸಾಧನವನ್ನು ಎಂಜಿನಿಯರ್ ಹೆನ್ರಿ ಪಾಮರ್ ವಿವರಿಸಿದರು. ನೀರಿನಲ್ಲಿ ತೇಲುವ ಒಂದು ಬೆಂಡು, ಅದಕ್ಕೆ ಕಟ್ಟಿದ ಪೆನ್ಸಿಲ್, ಗಡಿಯಾರದ ಬಲದಿಂದ ಚಲಿಸುವ ಕಾಗದ. ರಾತ್ರಿಯಿಡೀ ಯಾರೂ ಎದ್ದು ಅಳತೆಕೋಲು ನೋಡಬೇಕಿಲ್ಲ. ಬೆಳಿಗ್ಗೆ ಬಂದು ಗೆರೆ ನೋಡಿದರೆ ಸಾಕು.

1889ರಲ್ಲಿ ಅಮೆರಿಕದ ವಿಲಿಯಂ ಬ್ರಿಸ್ಟಲ್ ರೆಕಾರ್ಡರ್ ತಯಾರಿಕೆಗೆ ಕಂಪನಿ ಕಟ್ಟಿದರು. ದುಂಡನೆಯ ಕಾಗದ, 24 ಗಂಟೆಗೋ ಏಳು ದಿನಕ್ಕೋ ಒಂದು ಸುತ್ತು, ಮೇಲೆ ಶಾಯಿಯ ಪೆನ್ನು. ಪ್ರಪಂಚದ ಬಾಯ್ಲರ್ ಮನೆಗಳಲ್ಲಿ, ಸಕ್ಕರೆ ಕಾರ್ಖಾನೆಗಳಲ್ಲಿ, ಡೇರಿಗಳಲ್ಲಿ ದಶಕಗಟ್ಟಲೆ ಇಂಥ ರೆಕಾರ್ಡರುಗಳೇ ಇದ್ದವು. ಶಿಫ್ಟ್‌ನವರು ಹಳೆಯ ಕಾಗದ ತೆಗೆದು, ದಿನಾಂಕ ಬರೆದು, ಸಹಿ ಹಾಕಿ, ಹೊಸ ಕಾಗದ ಏರಿಸುತ್ತಿದ್ದರು. ಇನ್ನುಳಿದ ಅಳತೆಗಳನ್ನು ಗಂಟೆಗೊಮ್ಮೆ ಡಯಲ್ ನೋಡಿ ಲಾಗ್ ಬುಕ್ಕಿನಲ್ಲಿ ಕೈಯಿಂದ ತುಂಬುತ್ತಿದ್ದರು. ಗೋಡೆಯ ಮೇಲೆ ಪೈಪು, ಪಂಪು, ವಾಲ್ವುಗಳ ನಕ್ಷೆ ಬಿಡಿಸಿ ದೀಪ ಕೂರಿಸಿದ ಮಿಮಿಕ್ ಪ್ಯಾನೆಲ್ ಇರುತ್ತಿತ್ತು. ಇಂದಿನ ಪರದೆಯ ಚಿತ್ರಗಳೆಲ್ಲ ಆ ಪ್ಯಾನೆಲಿನ ಸಂತತಿ.

ನಮ್ಮ ಸೀಮೆಯಲ್ಲಿ ಕಾಗದದ ಯುಗ, ಪರದೆಯ ಯುಗ ಎರಡನ್ನೂ ಅಕ್ಕಪಕ್ಕದಲ್ಲೇ ಕಾಣಬಹುದು. ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ, ನೀರು ನಿಂತದ್ದು 1953ರಲ್ಲಿ. ಅಣೆಕಟ್ಟಿನ ಬುಡದ ವಿದ್ಯುದಾಗಾರ ಮತ್ತು ಹಂಪಿ ವಿದ್ಯುದಾಗಾರ, ಎರಡರಲ್ಲೂ ತಲಾ 9 ಮೆಗಾವ್ಯಾಟಿನ ನಾಲ್ಕು ನಾಲ್ಕು ಯಂತ್ರಗಳು. ಅವು ಡಯಲ್ ಮತ್ತು ಲಾಗ್ ಬುಕ್ಕುಗಳ ಕಾಲದ ಕೂಸುಗಳು. ತೋರಣಗಲ್ಲಿನ ಉಕ್ಕಿನ ಕಂಪನಿ ಹುಟ್ಟಿದ್ದು 1994ರಲ್ಲಿ, ಅಲ್ಲಿ ಕಬ್ಬಿಣ ತಯಾರಿಸುವ ಕೋರೆಕ್ಸ್ ಘಟಕ ಚಾಲೂ ಆದದ್ದು 1999ರಲ್ಲಿ. ಅಷ್ಟರಲ್ಲಿ ಪ್ರಪಂಚದ ಕಂಟ್ರೋಲ್ ರೂಮುಗಳು ಬದಲಾಗಿದ್ದವು.

ಬದಲಾದದ್ದು ಹೀಗೆ. 1975ರಲ್ಲಿ ಹನಿವೆಲ್ ಕಂಪನಿಯ ಟಿಡಿಸಿ 2000, ಜಪಾನಿನ ಯೊಕೊಗಾವಾದ ಸೆಂಟಮ್ ಎಂಬ ಕಂಪ್ಯೂಟರ್ ನಿಯಂತ್ರಣ ವ್ಯವಸ್ಥೆಗಳು ಬಂದವು. ಗೋಡೆ ತುಂಬಿದ ಮೀಟರುಗಳು ಗಾಜಿನ ಪರದೆಯೊಳಗೆ ಸೇರಿಕೊಂಡವು. 1980ರ ದಶಕದ ಕೊನೆಯ ಭಾಗದಲ್ಲಿ ವಂಡರ್‌ವೇರ್ ಕಂಪನಿಯ ಇನ್‌ಟಚ್ ಸಾಮಾನ್ಯ ವಿಂಡೋಸ್ ಕಂಪ್ಯೂಟರಿನಲ್ಲೇ ಈ ಕೆಲಸ ಮಾಡಿ ತೋರಿಸಿತು. 1996ರಲ್ಲಿ ಸೀಮೆನ್ಸ್‌ನ ವಿನ್‌ಸಿಸಿ ಬಂತು. ಅಲ್ಲಿಂದಾಚೆಗೆ ಪರದೆ ಬಿಡಿಸುವುದು ದೊಡ್ಡ ಕಂಪನಿಗಳ ಗುತ್ತಿಗೆಯಾಗಿ ಉಳಿಯಲಿಲ್ಲ. ಕಾರ್ಖಾನೆಯ ಎಂಜಿನಿಯರೇ ಮೌಸ್ ಹಿಡಿದು ಟ್ರೆಂಡ್ ಎಳೆದು ಕೂರಿಸಬಹುದಾಯಿತು.

ಇಲ್ಲೊಂದು ಹೊಣೆಯೂ ಕೈ ಬದಲಾಯಿತು. ಕಾಗದದ ರೆಕಾರ್ಡರಿನಲ್ಲಿ ಅಳತೆಪಟ್ಟಿಯನ್ನು ತಯಾರಕರೇ ಮುದ್ರಿಸಿ ಕೊಡುತ್ತಿದ್ದರು. ತಂತ್ರಾಂಶದಲ್ಲಿ ಅದನ್ನು ನಿರ್ಧರಿಸುವವರು ಪರದೆ ಹೊಂದಿಸುವ ನಾವು. ನಾವು ಹೊಂದಿಸಿದಷ್ಟೇ ಆಪರೇಟರಿಗೆ ಕಾಣುತ್ತದೆ. ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಮುಂದಕ್ಕೆ ಹೋಗೋಣ.

ಟ್ರೆಂಡಿನ ಮೊದಲ ಹೊಂದಿಕೆ ಅಳತೆಪಟ್ಟಿ. ತುಂಗಭದ್ರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1633 ಅಡಿ. ಮೂವತ್ತಮೂರು ಕ್ರಸ್ಟ್ ಗೇಟುಗಳು, ಪ್ರತಿಯೊಂದರ ಎತ್ತರ 20 ಅಡಿ. ಅಂದರೆ ಗೇಟಿನ ಬುಡ 1613 ಅಡಿಯಲ್ಲಿ. ನೀವು ಚಾರ್ಟಿನ ಪಟ್ಟಿಯನ್ನು ಸೊನ್ನೆಯಿಂದ 2000 ಅಡಿ ಎಂದು ಹಾಕಿದಿರಿ ಎನ್ನೋಣ. ಪರದೆಯಲ್ಲಿ ಚಾರ್ಟಿನ ಎತ್ತರ 500 ಪಿಕ್ಸೆಲ್. ಗೇಟಿನ ಪೂರ್ತಿ 20 ಅಡಿ ನೀರು ಖಾಲಿಯಾದರೂ ಗೆರೆ ಇಳಿಯುವುದು ಬರೀ 5 ಪಿಕ್ಸೆಲ್. ಯಾರ ಕಣ್ಣಿಗೂ ಅದು ಬೀಳುವುದಿಲ್ಲ. ಅದೇ ಪಟ್ಟಿಯನ್ನು 1613ರಿಂದ 1633 ಎಂದು ಹಾಕಿ, ಒಂದು ಅಡಿಗೆ 25 ಪಿಕ್ಸೆಲ್ ಸಿಗುತ್ತದೆ. ನೀರು ಅದೇ, ಕಂಪ್ಯೂಟರ್ ಅದೇ. ನೀವು ಟೈಪ್ ಮಾಡಿದ ಎರಡು ಅಂಕಿಗಳಿಂದ ಇಷ್ಟು ವ್ಯತ್ಯಾಸ.

ಪಟ್ಟಿಯನ್ನು ತಂತ್ರಾಂಶಕ್ಕೇ ಬಿಟ್ಟು ಆಟೋ ಸ್ಕೇಲ್ ಹಾಕುವವರಿದ್ದಾರೆ. ಆಗ ಗಾಳಿಗೆ ಎದ್ದ ಸಣ್ಣ ಅಲೆಯೂ ಬೆಟ್ಟದಂತೆ ಕಾಣುತ್ತದೆ. ನಿನ್ನೆಯ ಚಾರ್ಟಿಗೂ ಇಂದಿನ ಚಾರ್ಟಿಗೂ ಹೋಲಿಕೆಯೇ ತಪ್ಪಿಹೋಗುತ್ತದೆ. ದಿನನಿತ್ಯದ ಪರದೆಯಲ್ಲಿ ಪಟ್ಟಿ ಸ್ಥಿರವಾಗಿರಲಿ. ಎಚ್ಚರಿಕೆಯ ಮಿತಿಗಳನ್ನು ಅದೇ ಚಾರ್ಟಿನಲ್ಲಿ ಅಡ್ಡಗೆರೆಯಾಗಿ ಎಳೆಯಿರಿ.

ಎರಡನೆಯದು ಕಾಲದ ಅಗಲ. ಗೇಟು ಎತ್ತಿದ ಪರಿಣಾಮ ನಿಮಿಷಗಳಲ್ಲಿ ಗೊತ್ತಾಗುತ್ತದೆ. ಮಲೆನಾಡಿನಲ್ಲಿ ಬಿದ್ದ ಮಳೆ ಒಳಹರಿವಾಗಿ ಬರಲು ಗಂಟೆಗಳು, ದಿನಗಳು ಬೇಕು. ಹೂಳು ತುಂಬಿದ್ದು ಕಾಣಬೇಕಾದರೆ ದಶಕಗಳ ಗೆರೆಯೇ ಬೇಕು. ಶುರುವಿನಲ್ಲಿ ಸುಮಾರು 133 ಟಿಎಂಸಿ ಅಡಿ ಇದ್ದ ಜಲಾಶಯದ ಸಾಮರ್ಥ್ಯ ಈಗ 105.788 ಟಿಎಂಸಿ ಅಡಿ. ಒಂದೇ ಜಲಾಶಯ, ಮೂರು ಬೇರೆ ಕಾಲಮಾನ. ಉಕ್ಕಿನ ಕಾರ್ಖಾನೆಯಲ್ಲೂ ಹಾಗೆಯೇ. ರೋಲಿಂಗ್ ಮಿಲ್ಲಿನಲ್ಲಿ ತಗಡಿನ ದಪ್ಪ ಕ್ಷಣಾರ್ಧದಲ್ಲಿ ಬದಲಾಗುತ್ತದೆ, ಕುಲುಮೆಯ ಗೋಡೆಯ ಸವೆತ ತಿಂಗಳುಗಳ ತಾಪಮಾನದಲ್ಲಿ ಗೊತ್ತಾಗುತ್ತದೆ. ಎಲ್ಲದಕ್ಕೂ ಹತ್ತು ನಿಮಿಷದ ಟ್ರೆಂಡ್ ಇಟ್ಟರೆ ಅರ್ಧ ಕಥೆ ಪರದೆಯಾಚೆಗೇ ಉಳಿಯುತ್ತದೆ.

ಮೂರನೆಯದು ದಾಖಲೆ. ಕೆಲವು ಟ್ರೆಂಡ್‌ಗಳು ಪರದೆ ತೆರೆದಿರುವಾಗ ಮಾತ್ರ ಗೆರೆ ಎಳೆಯುತ್ತವೆ. ಪುಟ ಬದಲಿಸಿದರೆ ಹಳೆಯದು ಹೋಯಿತು. ಆದ್ದರಿಂದ ಟ್ಯಾಗಿಗೆ, ಅಂದರೆ ತಂತ್ರಾಂಶದಲ್ಲಿ ಒಂದು ಅಳತೆಗೆ ಕೊಟ್ಟ ಹೆಸರಿಗೆ, ಮೊದಲು ಲಾಗಿಂಗ್ ಹಚ್ಚಿ, ಆಮೇಲೆ ಆ ದಾಖಲೆಯನ್ನು ಚಾರ್ಟಿಗೆ ಕೊಡಿ. ಎಲ್ಲ ಅಳತೆಯನ್ನೂ ಸೆಕೆಂಡಿಗೊಮ್ಮೆ ಬರೆದಿಟ್ಟರೆ ಡಿಸ್ಕ್ ತುಂಬುತ್ತದೆಂದು ಡೆಡ್‌ಬ್ಯಾಂಡ್ ಇಡುತ್ತಾರೆ. ಅಂದರೆ ಇಂತಿಷ್ಟು ಬದಲಾಗುವವರೆಗೆ ಹೊಸ ಅಂಕಿ ಬರೆಯಬೇಡ ಎಂಬ ಆಜ್ಞೆ. 1980ರ ದಶಕದಲ್ಲಿ ಫಾಕ್ಸ್‌ಬರೋ ಕಂಪನಿಯ ಇ. ಎಚ್. ಬ್ರಿಸ್ಟಲ್ ಇದಕ್ಕಿಂತ ಜಾಣ ವಿಧಾನ ರೂಪಿಸಿದರು. ಗೆರೆಯ ಇಳಿಜಾರು ಬದಲಾದಾಗ ಮಾತ್ರ ಅಂಕಿ ಉಳಿಸಿಕೊಳ್ಳುವ ಆ ಕ್ರಮ ಇಂದಿಗೂ ಬಳಕೆಯಲ್ಲಿದೆ.

ಆದರೆ ಡೆಡ್‌ಬ್ಯಾಂಡನ್ನು ಲೆಕ್ಕ ಹಾಕದೆ ಇಡಬೇಡಿ. ತುಂಗಭದ್ರೆ ತುಂಬಿದಾಗ ನೀರಿನ ಹರವು 350 ಚದರ ಕಿಲೋಮೀಟರಿನ ಆಸುಪಾಸು. ಮೇಲ್ಮಟ್ಟದಲ್ಲಿ ಒಂದಡಿ ನೀರೆಂದರೆ ಮೂರೂವರೆಯಿಂದ ನಾಲ್ಕು ಟಿಎಂಸಿ. ಒಂದು ದಿನದಲ್ಲಿ ಒಂದು ಟಿಎಂಸಿ ಹರಿಯಬೇಕಾದರೆ 11,574 ಕ್ಯುಸೆಕ್ ಬೇಕು. ಈಗ ಡೆಡ್‌ಬ್ಯಾಂಡನ್ನು ಒಂದಡಿಯ ಹತ್ತನೇ ಒಂದು ಭಾಗ ಇಟ್ಟರೆ, ದಿನವಿಡೀ ಹರಿದ ನಾಲ್ಕು ಸಾವಿರ ಕ್ಯುಸೆಕ್ ನೀರು ದಾಖಲೆಯಲ್ಲಿ ಕಾಣದೆ ಹೋಗಬಹುದು. ಒಂದು ಕಾಲುವೆಯ ರೈತರಿಗೆ ಅದು ಸಣ್ಣ ಮಾತಲ್ಲ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಕೂಡಿ ಓದಬೇಕಾದ್ದನ್ನು ಕೂಡಿ ತೋರಿಸುವುದು. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ಶುದ್ಧೀಕರಣಾಗಾರದಲ್ಲಿ ಸ್ಫೋಟವಾಗಿ 15 ಜನ ಸತ್ತರು. ಒಂದು ಗೋಪುರಕ್ಕೆ ದ್ರವ ಗಂಟೆಗಟ್ಟಲೆ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಮಟ್ಟದ ಮಾಪಕ ಮಟ್ಟ ಇಳಿಯುತ್ತಿದೆ ಎಂದು ಸುಳ್ಳು ತೋರಿಸುತ್ತಿತ್ತು. ತನಿಖೆಯಲ್ಲಿ ಹೊರಬಿದ್ದ ಹಲವು ಕಾರಣಗಳಲ್ಲಿ ಇದೂ ಒಂದು: ಒಳಹರಿವು ಒಂದು ಪರದೆಯಲ್ಲಿ, ಹೊರಹರಿವು ಇನ್ನೊಂದು ಪರದೆಯಲ್ಲಿ ಇದ್ದವು. ಎರಡೂ ಒಂದೇ ಚಾರ್ಟಿನಲ್ಲಿ ಇದ್ದಿದ್ದರೆ ಅಲ್ಲಿನ ಸಮತೋಲ ತಪ್ಪಿದ್ದನ್ನು ಗುರುತಿಸುವುದು ಸುಲಭವಾಗುತ್ತಿತ್ತು. ಕಂಪ್ಲಿಯ ಗದ್ದೆಯ ಬದುವಿನ ಮೇಲೆ ನಿಂತ ರೈತ ಪತ್ರಿಕೆಯಲ್ಲಿ ಒಟ್ಟಿಗೆ ಓದುವ ಅಂಕಿಗಳು ಅಷ್ಟು ದೊಡ್ಡ ಕಾರ್ಖಾನೆಯ ಪರದೆಯಲ್ಲಿ ಒಟ್ಟಿಗೆ ಇರಲಿಲ್ಲ.

ಹಾಗಂತ ಒಂದೇ ಚಾರ್ಟಿಗೆ ಹದಿನೈದು ಗೆರೆ ತುರುಕಬೇಡಿ. ಸಂಬಂಧವಿರುವ ಮೂರೋ ನಾಲ್ಕೋ ಗೆರೆ ಸಾಕು. ಪ್ರತಿ ಗೆರೆಗೆ ಬಣ್ಣದ ಜೊತೆಗೆ ಹೆಸರು, ಅಳತೆಯ ಮಾನ ಕಾಣುವಂತಿರಲಿ.

ಈಗ ಚಿತ್ರಗಳಿಗೆ ಬರೋಣ. ದೋಣಿಮಲೈಯಲ್ಲಿ 1977ರಿಂದ ಕಬ್ಬಿಣದ ಅದಿರು ತೆಗೆಯುತ್ತಿದ್ದಾರೆ. ಅಂಥ ಗಣಿಯ ಕನ್ವೇಯರ್ ಬೆಲ್ಟಿಗೆ ಪರದೆಯಲ್ಲಿ ಒಂದು ಚಿತ್ರ ಇಡಬೇಕು ಎಂದುಕೊಳ್ಳಿ. ತಂತ್ರಾಂಶದಲ್ಲಿ ಚಿತ್ರಗಳ ಒಂದು ಪಟ್ಟಿ ಮಾಡಿ, ಟ್ಯಾಗಿನ ಮೌಲ್ಯ ಸೊನ್ನೆಯಾದರೆ ನಿಂತಿದೆ, ಒಂದಾದರೆ ಓಡುತ್ತಿದೆ, ಎರಡಾದರೆ ದೋಷ ಎಂದು ಒಂದೊಂದು ಚಿತ್ರ ಜೋಡಿಸುತ್ತೀರಿ. ಇದು ಐದು ನಿಮಿಷದ ಕೆಲಸ. ಆದರೆ ಯಾವ ಟ್ಯಾಗಿಗೆ ಜೋಡಿಸಿದಿರಿ ಎಂಬುದರಲ್ಲಿ ಜೀವದ ಪ್ರಶ್ನೆ ಇದೆ.

1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಒಂದು ವಾಲ್ವು ತೆರೆದುಕೊಂಡೇ ಸಿಕ್ಕಿಬಿತ್ತು. ಪ್ಯಾನೆಲಿನ ದೀಪ ಮಾತ್ರ ಮುಚ್ಚಿದೆ ಎಂಬ ಅರ್ಥ ಕೊಡುತ್ತಿತ್ತು. ಕಾರಣ, ಆ ದೀಪವನ್ನು ಮುಚ್ಚು ಎಂಬ ಆಜ್ಞೆಗೆ ಜೋಡಿಸಿದ್ದರು, ವಾಲ್ವಿನ ನಿಜ ಸ್ಥಾನಕ್ಕೆ ಜೋಡಿಸಿರಲಿಲ್ಲ. ಸ್ಥಾವರದ ಗರ್ಭ ಭಾಗಶಃ ಕರಗಿತು. ನಿಮ್ಮ ಕನ್ವೇಯರ್ ಚಿತ್ರವನ್ನು ಸ್ಟಾರ್ಟ್ ಆಜ್ಞೆಗೆ ಜೋಡಿಸಬೇಡಿ. ಬೆಲ್ಟು ನಿಜವಾಗಿ ತಿರುಗುತ್ತಿದೆ ಎಂದು ಹೇಳುವ ಸ್ಪೀಡ್ ಸ್ವಿಚ್ಚಿಗೆ ಜೋಡಿಸಿ. ಸಂಪರ್ಕ ಕಡಿದುಹೋದಾಗ ತೋರಿಸಲು ನಾಲ್ಕನೆಯ ಚಿತ್ರವೊಂದನ್ನು ಮರೆಯದೆ ಇಡಿ. ಇಲ್ಲದಿದ್ದರೆ ಹಳೆಯ ಚಿತ್ರವೇ ಸತ್ಯದಂತೆ ನಿಂತಿರುತ್ತದೆ.

ಬಣ್ಣದ ವಿಷಯದಲ್ಲಿ ನಮ್ಮಲ್ಲಿ ಒಂದು ನಿಜವಾದ ತೊಡಕಿದೆ. ನಮ್ಮ ಸಬ್‌ಸ್ಟೇಷನ್ನುಗಳಲ್ಲಿ ಕೆಂಪು ದೀಪ ಉರಿದರೆ ಬ್ರೇಕರ್ ಆನ್, ಹಸಿರು ಉರಿದರೆ ಆಫ್. ಹೊರದೇಶದಿಂದ ಬಂದ ಎಷ್ಟೋ ಯಂತ್ರಗಳ ಪರದೆಯಲ್ಲಿ ಹಸಿರು ಎಂದರೆ ಓಡುತ್ತಿದೆ, ಕೆಂಪು ಎಂದರೆ ಅಪಾಯ. ಎರಡೂ ರೂಢಿ ಒಂದೇ ಕಾರ್ಖಾನೆಯಲ್ಲಿ ಕಲೆತರೆ ಹೊಸ ಕೆಲಸಗಾರ ಎಡವುತ್ತಾನೆ. ಕಾರ್ಖಾನೆಗೆ ಒಂದೇ ನಿಯಮ ಬರೆದಿಡಿ, ಬಣ್ಣದ ಜೊತೆ ಆಕಾರ ಮತ್ತು ಅಕ್ಷರವೂ ಅದನ್ನೇ ಹೇಳಲಿ. ಕೆಂಪು-ಹಸಿರು ಗುರುತಿಸಲಾಗದ ಕಣ್ಣಿನವರೂ ನಮ್ಮೊಡನೆ ಕೆಲಸ ಮಾಡುತ್ತಾರೆ.

ಹೊಳೆಯುವ ಟ್ಯಾಂಕು, ತಿರುಗುವ ಫ್ಯಾನು, ಹಿನ್ನೆಲೆಗೆ ಕಾರ್ಖಾನೆಯ ಫೋಟೊ: 1990ರ ದಶಕದಲ್ಲಿ ಪರದೆಗಳು ಹೀಗೆ ತುಂಬಿಹೋದವು. ಎಚ್ಚರಿಕೆ ಬಂದಾಗ ಆ ಬಣ್ಣಗಳ ನಡುವೆ ಅದು ಮುಳುಗುತ್ತಿತ್ತು. 2015ರಲ್ಲಿ ಬಂದ ಐಎಸ್ಎ 101 ಮಾನದಂಡ ಪರದೆಗಳನ್ನು ಶಿಸ್ತಿಗೆ ತರುವ ದಾರಿ ತೋರಿಸಿತು. ಇಂದು ಒಳ್ಳೆಯ ಪರದೆಯ ಹಿನ್ನೆಲೆ ತಿಳಿಬೂದು, ಗಾಢ ಬಣ್ಣ ತೊಂದರೆಗೆ ಮಾತ್ರ ಮೀಸಲು.

ಒಂದು ಮಿತಿಯನ್ನೂ ಹೇಳಲೇಬೇಕು. ಅಳೆದದ್ದನ್ನು ಮಾತ್ರ ಟ್ರೆಂಡ್ ತೋರಿಸುತ್ತದೆ. ಗೇಟಿನ ಚೈನಿನ ಕೊಂಡಿಯ ಸವೆತ ನೀರಿನ ಮಟ್ಟದ ಚಾರ್ಟಿನಲ್ಲಿ ಕಾಣುವುದಿಲ್ಲ. ಅದಕ್ಕೆ ಮನುಷ್ಯರೇ ಹೋಗಿ ಕೈಯಿಟ್ಟು ಪರೀಕ್ಷಿಸಬೇಕು. 2024ರಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸಿ ಜಲಾಶಯ ಉಳಿಸಿದ್ದೂ ಕನ್ನಯ್ಯ ನಾಯ್ಡು ಅವರಂಥ ಅನುಭವಿ ಎಂಜಿನಿಯರ್ ಮತ್ತು ಅವರೊಡನೆ ದುಡಿದ ಕಾರ್ಮಿಕರು.

ಕೊನೆಯದಾಗಿ, ಪರದೆ ಮಾಡುವ ಎಂಜಿನಿಯರುಗಳಿಗೆ ನನ್ನ ವಿನಂತಿ. ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿದೆ, ಇಂದಿನ ಹೆಚ್ಚಿನ ತಂತ್ರಾಂಶಗಳು ಅದನ್ನು ಸ್ವೀಕರಿಸುತ್ತವೆ. ಒತ್ತಕ್ಷರ ಸರಿಯಾಗಿ ಕೂಡುವ ಫಾಂಟ್ ಆರಿಸಿ, ಇಂಗ್ಲಿಷಿನ ಜೊತೆಗೆ ಕನ್ನಡದ ಹೆಸರುಗಳನ್ನೂ ಪರದೆಗೆ ತನ್ನಿ. ಹೊಂದಿಸುವ ಮೊದಲು ಆ ಪರದೆಯ ಮುಂದೆ ಕೂರುವವರೊಡನೆ ಒಂದು ರಾತ್ರಿ ಪಾಳಿ ಕಳೆಯಿರಿ. ಯಾವ ಗೆರೆ ಯಾವುದರ ಪಕ್ಕ ಬೇಕು ಎಂದು ಅವರನ್ನೇ ಕೇಳಿ. ನೀವು ಈಗಾಗಲೇ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದರೆ, ಇಂದಿನ ಪಾಳಿಯಲ್ಲೇ ನಿಮ್ಮ ಟ್ರೆಂಡಿನ ಅಳತೆಪಟ್ಟಿ ಎಷ್ಟಿದೆ ಎಂದು ನೋಡಿ. ತಪ್ಪಿದ್ದರೆ ಬಾಯಿಬಿಟ್ಟು ಹೇಳಿ, ಸರಿ ಮಾಡಿಸಿ.