ಆಫ್‌ಫ್ರೆಡ್ ಬಿಟ್ಟುಕೊಟ್ಟ ಗಳಿಗೆಗಳು

ಕಥಾನಾಯಕಿ ಎಂದೊಡನೆ ಏನನ್ನಾದರೂ ಸಾಧಿಸಿ ತೋರುವವಳನ್ನು ನಾವು ನಿರೀಕ್ಷಿಸುತ್ತೇವೆ. ಕೆನಡಾದ ಲೇಖಕಿ ಮಾರ್ಗರೆಟ್ ಆಟ್‌ವುಡ್ 1985ರಲ್ಲಿ ಪ್ರಕಟಿಸಿದ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಕಾದಂಬರಿ ಈ ನಿರೀಕ್ಷೆಯನ್ನು ಸಲ್ಲಿಸುವುದಿಲ್ಲ. ಅದರ ನಾಯಕಿ ಮಾಡಿದ್ದಕ್ಕಿಂತ ಮಾಡದೆ ಬಿಟ್ಟದ್ದೇ ಹೆಚ್ಚು. ಆ ಬಿಟ್ಟ ಗಳಿಗೆಗಳನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಅಮೆರಿಕದ ಗಣರಾಜ್ಯ ಉರುಳಿ, ಅದರ ಜಾಗದಲ್ಲಿ ಗಿಲಿಯಡ್ ಎಂಬ ಧರ್ಮಪ್ರಭುತ್ವ ತಲೆಯೆತ್ತಿದೆ ಎಂಬುದು ಇಲ್ಲಿಯ ಕಲ್ಪನೆ. ಸಂತಾನ ಕ್ಷೀಣಿಸಿದ ಆ ನಾಡಿನಲ್ಲಿ ಹೆರಬಲ್ಲ ಹೆಂಗಸರನ್ನು ಅಧಿಕಾರಿಗಳ ಮನೆಗಳಿಗೆ ಹಂಚಿಕೊಡುತ್ತಾರೆ. ಅವರಿಗೆ ಓದುಬರಹ ನಿಷಿದ್ಧ. ಸ್ವಂತ ಹೆಸರೂ ಇಲ್ಲ. ಯಜಮಾನನಾದ ಫ್ರೆಡ್‌ನ ಸೊತ್ತು ಎಂಬ ಅರ್ಥದಲ್ಲಿ ನಮ್ಮ ನಾಯಕಿ ಆಫ್‌ಫ್ರೆಡ್.

ಮೊದಲ ಅವಕಾಶ ಅವಳಿಗೆ ಒದಗಿದ್ದು ಈ ಹೆಸರು ಅಂಟುವ ಮೊದಲೇ. ಅವಳು ಗ್ರಂಥಾಲಯವೊಂದರಲ್ಲಿ ಕೆಲಸಕ್ಕಿದ್ದಳು. ಒಂದೇ ದಿನದಲ್ಲಿ ಹೆಂಗಸರ ಉದ್ಯೋಗವೂ ಬ್ಯಾಂಕಿನಲ್ಲಿದ್ದ ಹಣವೂ ಕೈತಪ್ಪಿದವು. ಕೆಲವರು ಮೆರವಣಿಗೆ ಹೊರಟರು. ಅದರಿಂದ ಪ್ರಯೋಜನವಿಲ್ಲ, ಸಂಸಾರವನ್ನು ನೋಡಿಕೋ ಎಂದ ಗಂಡನ ಮಾತಿಗೆ ತಲೆಬಾಗಿ ಅವಳು ಮನೆಗೆಲಸದಲ್ಲಿ ಮುಳುಗಿದಳು. ಗುಂಡು ಹಾರುವುದು ಖಚಿತವಾದ ಮೇಲೆ ಮೆರವಣಿಗೆಗಳೂ ನಿಂತವು. ಹೋಗಿದ್ದರೆ ಗೆಲ್ಲುತ್ತಿದ್ದಳೆಂದು ಯಾರೂ ಹೇಳಲಾರರು. ಆದರೆ ಅಂದು ಅವಳಿಗೆ ಒಂದು ಬೀದಿಯಿತ್ತು, ಜೊತೆಗೆ ಜನರಿದ್ದರು. ಮುಂದೆ ಅವೆರಡೂ ಒಟ್ಟಿಗೆ ಅವಳಿಗೆ ದೊರೆಯಲೇ ಇಲ್ಲ.

ಎರಡನೆಯದು ಒಂದು ಬೆಂಕಿಕಡ್ಡಿ. ಯಜಮಾನನ ಹೆಂಡತಿ ಕೊಟ್ಟ ಸಿಗರೇಟನ್ನು ಹಚ್ಚಲೆಂದು ಅಡುಗೆಯಾಕೆಯಿಂದ ದೊರೆತದ್ದು. ಇದರಿಂದ ಮನೆಯನ್ನೇ ಸುಡಬಹುದಲ್ಲ ಎಂದು ಅವಳು ಯೋಚಿಸುತ್ತಾಳೆ. ಮನೆ ಉರಿಯುವುದಿಲ್ಲ. ಇದಕ್ಕಾಗಿ ಅವಳನ್ನು ನಾನು ದೂರಲಾರೆ. ಒಂಟಿ ಕಡ್ಡಿಯಿಂದ ಪ್ರಭುತ್ವ ಸುಡುವುದಿಲ್ಲ.

ಮೂರನೆಯದೇ ನಿಜವಾದ ಪರೀಕ್ಷೆ. ಪೇಟೆಗೆ ಜೊತೆಯಾಗಿ ಬರುವ ಆಫ್‌ಗ್ಲೆನ್ ಗುಪ್ತ ಪ್ರತಿರೋಧ ಪಡೆಯವಳು. ಯಜಮಾನ ರಾತ್ರಿಯ ಹೊತ್ತು ನಾಯಕಿಯನ್ನು ತನ್ನ ಓದುವ ಕೋಣೆಗೆ ಕದ್ದು ಕರೆಸಿಕೊಂಡು ಅಕ್ಷರ ಜೋಡಿಸುವ ಆಟವಾಡುತ್ತಾನೆಂಬುದು ಆಕೆಗೆ ತಿಳಿಯುತ್ತದೆ. ಆ ಮನುಷ್ಯನ ಬಗ್ಗೆ ಸುದ್ದಿ ತಾ ಎಂದು ಬೇಡುತ್ತಾಳೆ. ಬಾಗಿಲು ತೆರೆದಿದೆ, ಕಾಯುವ ಪಡೆಯೂ ಇದೆ. ಆದರೆ ಅಷ್ಟರಲ್ಲಿ ನಾಯಕಿಗೆ ಕಾರಿನ ಚಾಲಕ ನಿಕ್‌ನ ಸಂಗ ದೊರೆತಿದೆ. ಈಗ ಅವಳಿಗೆ ತಪ್ಪಿಸಿಕೊಳ್ಳುವ ಆಸೆಯೇ ಇಲ್ಲ. ಆಫ್‌ಗ್ಲೆನ್ ಕೇಳಿ ಕೇಳಿ ಸುಮ್ಮನಾಗುತ್ತಾಳೆ.

ಆಟ್‌ವುಡ್ ಕಂಡ ಸತ್ಯ ಇಲ್ಲಿದೆ ಎಂದು ನನಗೆ ತೋರುತ್ತದೆ. ದಬ್ಬಾಳಿಕೆಗೆ ಒಗ್ಗಿಸುವುದು ಭಯವೊಂದೇ ಅಲ್ಲ. ಭಯದಲ್ಲಿ ಸಿಟ್ಟಾದರೂ ಉಳಿದಿರುತ್ತದೆ. ಸೆರೆಮನೆಯೊಳಗೆ ದೊರೆತ ಹಿಡಿಯಷ್ಟು ಸುಖ ಆ ಸಿಟ್ಟನ್ನೂ ಆರಿಸಿಬಿಡುತ್ತದೆ.

ಹಾಗೆಂದು ಎದುರುನಿಂತವರಿಗೆ ಜಯ ದೊರೆಯಿತೆಂದಲ್ಲ. ಧೈರ್ಯದಿಂದ ಓಡಿಹೋದ ಗೆಳತಿ ಮೊಯಿರಾ ಸಿಕ್ಕಿಬಿದ್ದು ವೇಶ್ಯಾಗೃಹ ಸೇರುತ್ತಾಳೆ. ಆಫ್‌ಗ್ಲೆನ್ ತನ್ನನ್ನು ಒಯ್ಯುವ ವ್ಯಾನು ಬರುವುದನ್ನು ಕಂಡು ನೇಣು ಹಾಕಿಕೊಳ್ಳುತ್ತಾಳೆ. ಆ ಸುದ್ದಿ ಕೇಳಿದಾಗ ನಾಯಕಿಗಾಗುವುದು ದುಃಖವಲ್ಲ, ಸಮಾಧಾನ: ಇನ್ನು ತನ್ನ ಹೆಸರು ಹೊರಬೀಳದು! ಇದನ್ನು ಅವಳು ನಮ್ಮಿಂದ ಮುಚ್ಚಿಡುವುದಿಲ್ಲ. ಆ ಪ್ರಾಮಾಣಿಕತೆಯೇ ಅವಳನ್ನು ಹಗುರವಾಗಿ ತೂಗದಂತೆ ನಮ್ಮನ್ನು ತಡೆಯುತ್ತದೆ.

ಕಾದಂಬರಿಯ ಕೊನೆಯಲ್ಲಿ, 2195ರ ವಿದ್ವಾಂಸರ ಸಭೆಯೊಂದರಲ್ಲಿ, ಈ ಕಥೆ ಸುಮಾರು ಮೂವತ್ತು ಧ್ವನಿಸುರುಳಿಗಳಲ್ಲಿ ದೊರೆತದ್ದೆಂದು ತಿಳಿಯುತ್ತದೆ. ಅಕ್ಷರ ಕಸಿದುಕೊಂಡ ನಾಡಿನಲ್ಲಿ ಅವಳಿಗೆ ಮಾತು ಉಳಿದಿತ್ತು, ಅದನ್ನು ಬಳಸಿದಳು. ಅಲ್ಲಿನ ಪ್ರಾಧ್ಯಾಪಕನಿಗೋ ಒಂದೇ ಕೊರಗು: ಆ ಅಧಿಕಾರಿಯ ಕಂಪ್ಯೂಟರಿನಿಂದ ಇಪ್ಪತ್ತು ಪುಟಗಳಾದರೂ ದೊರೆತಿದ್ದರೆ! ಆ ಕೋಣೆಯ ಗುಟ್ಟನ್ನೇ ಅಲ್ಲವೇ ಆಫ್‌ಗ್ಲೆನ್ ಅಂದು ಬೇಡಿದ್ದು? ಪ್ರಾಧ್ಯಾಪಕನಿಗೆ ಅದು ಸಂಶೋಧನೆಯ ಸಾಮಗ್ರಿ. ಆಕೆಗೆ ಅದು ಬದುಕಿರುವವರ ಬಿಡುಗಡೆಯ ದಾರಿಯಾಗಿತ್ತು. ಸಾಕ್ಷಿ ನುಡಿಯುವುದೂ ದೊಡ್ಡ ಕೆಲಸವೇ. ಆದರೆ ಆ ಸಾಕ್ಷ್ಯ ನಮ್ಮ ಕಿವಿಗೆ ಬಿತ್ತು. ಆಫ್‌ಗ್ಲೆನ್‌ಳ ಕಿವಿಗೆ ಬೀಳಲಿಲ್ಲ.