ಕುದಿಸುವ ಚಹಾ, ನೆನೆಸುವ ಚಹಾ

(ಉಪನ್ಯಾಸವೊಂದರ ಬರಹ ರೂಪ)

ಬೀದರ್ ಜಿಲ್ಲೆಯ ಬೇಮಳಖೇಡದಂಥ ಊರಿನ ಕಿರಾಣಿ ಅಂಗಡಿಯಲ್ಲಿ ‘ಲೂಜ್ ಚಾಪುಡಿ’ ಎಂದು ಕೇಳಿದರೆ, ಅಂಗಡಿಯವರು ಡಬ್ಬಿಯಿಂದ ಕಪ್ಪು ಪುಡಿ ತೆಗೆದು ತೂಗಿ ಕಟ್ಟಿಕೊಡುತ್ತಾರೆ. ಹೆಸರು ಅಚ್ಚಾದ ಪೊಟ್ಟಣದ ಚಹಾಕ್ಕಿಂತ ಅದು ಅಗ್ಗ. ಅದೇ ‘ಲೂಜ್’ ಎಂಬ ಮಾತನ್ನು ಲಂಡನ್ನಿನ ಚಹಾ ಅಂಗಡಿಯಲ್ಲಿ ಹೇಳಿದರೆ ಅರ್ಥ ತಿರುವುಮುರುವಾಗುತ್ತದೆ. ಅಲ್ಲಿ ಸಿಗುವುದು ಕಾಗದದ ಪುಟ್ಟ ಚೀಲಕ್ಕೆ ತುಂಬದ, ಹೆಚ್ಚುಕಡಿಮೆ ಇಡಿಯಾಗಿಯೇ ಉಳಿದ ಎಲೆ, ಬೆಲೆಯೂ ಮೇಲಿನದು. ಒಂದೇ ಮಾತು ಒಂದು ಕಡೆ ಬಡವರ ಚಹಾದ ಹೆಸರು, ಇನ್ನೊಂದು ಕಡೆ ರುಚಿಗಾರರ ಚಹಾದ ಹೆಸರು.

ಈ ವ್ಯತ್ಯಾಸ ಬರೀ ಶ್ರೀಮಂತಿಕೆಯದಲ್ಲ. ಚಹಾ ಮಾಡುವ ಎರಡು ವಿಧಾನಗಳ ವ್ಯತ್ಯಾಸ ಅದು. ಒಂದರಲ್ಲಿ ಪುಡಿಯನ್ನು ನೀರು, ಹಾಲು, ಸಕ್ಕರೆಯ ಜೊತೆ ಕುದಿಸುತ್ತಾರೆ. ಇನ್ನೊಂದರಲ್ಲಿ ಬಿಸಿನೀರನ್ನು ಎಲೆಯ ಮೇಲೆ ಸುರಿದು, ಮುಚ್ಚಿಟ್ಟು, ಕೆಲವು ನಿಮಿಷ ನೆನೆಸಿ ಸೋಸುತ್ತಾರೆ. ಕುದಿಸಿದ ಚಹಾದಲ್ಲಿ ಹಾಲು, ಸಕ್ಕರೆ, ಶುಂಠಿ, ಏಲಕ್ಕಿ ಎಲ್ಲವೂ ಮಾತಾಡುತ್ತವೆ. ನೆನೆಸಿದ ಚಹಾದಲ್ಲಿ ಎಲೆಯೊಂದೇ ಮಾತಾಡಬೇಕು. ಕೊಂಡು ತಂದ ಪುಡಿ ಎಂಥದೆಂದು ತಿಳಿಯಬೇಕಾದರೆ ಈ ಎರಡನೆಯ ದಾರಿಯ ಪರಿಚಯ ಎಲ್ಲರಿಗೂ ಬೇಕು.

ಮೊದಲು ಹೆಸರಿನ ಕಥೆ. ಈ ಪಾನೀಯಕ್ಕೆ ಜಗತ್ತಿನ ಬಹುಪಾಲು ಭಾಷೆಗಳಲ್ಲಿರುವ ಹೆಸರುಗಳು ಚೀನಾದ ಎರಡು ಉಚ್ಚಾರಗಳಿಂದ ಬಂದವು. ಫ್ಯೂಜಿಯನ್ ಕರಾವಳಿಯ ‘ಟೆ’ ಡಚ್ಚರ ಹಡಗುಗಳಲ್ಲಿ ಯೂರೋಪಿಗೆ ಹೋಗಿ ಇಂಗ್ಲಿಷಿನ ‘ಟೀ’ ಆಯಿತು. ಇನ್ನೊಂದು ‘ಚಾ’. ಪೋರ್ಚುಗೀಸರ ಬಾಯಲ್ಲಿ ಅದು ಹಾಗೇ ಉಳಿಯಿತು. ಪರ್ಷಿಯನ್ನಿನಲ್ಲಿ ‘ಚಾಯ್’ ಆಗಿ ಉರ್ದುವಿಗೂ ಬಂತು. ಕನ್ನಡನಾಡಿನ ದಕ್ಷಿಣದಲ್ಲಿ ‘ಟೀ’, ಉತ್ತರದಲ್ಲಿ ‘ಚಹಾ’, ಕರಾವಳಿಯಲ್ಲಿ ‘ಚಾ’. ಕನ್ನಡ, ಉರ್ದು, ಮರಾಠಿ, ತೆಲುಗು ಒಂದೇ ಸಂತೆಯಲ್ಲಿ ಕೇಳುವ ಬೀದರ್ ಸೀಮೆಯಲ್ಲಂತೂ ಚಾ, ಚಹಾ, ಚಾಯ್ ಮೂರೂ ಒಂದೇ ಕಟ್ಟೆಯ ಮೇಲೆ ಕೂರುತ್ತವೆ.

ಹೆಸರು ಎರಡಾದರೂ ಗಿಡ ಒಂದೇ. ಹಸಿರು ಚಹಾ, ಬಿಳಿ ಚಹಾ, ಊಲಾಂಗ್, ಕಪ್ಪು ಚಹಾ ಬೇರೆ ಬೇರೆ ಗಿಡಗಳವೆಂದು ತಿಳಿದವರು ಬಹಳ. ಎಲ್ಲವೂ ಕೆಮೇಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದ ಚಿಗುರು. ಚೀನಾದ ಸಣ್ಣೆಲೆಯ ತಳಿ, ಅಸ್ಸಾಮಿನ ದೊಡ್ಡೆಲೆಯ ತಳಿ ಎಂಬ ಎರಡು ಬಗೆ ಅದರಲ್ಲಿವೆ, ಅಷ್ಟೆ. ಉಳಿದದ್ದೆಲ್ಲ ಕಿತ್ತ ಮೇಲೆ ನಡೆಯುವ ಕೆಲಸ. ಕತ್ತರಿಸಿದ ಬದನೆಕಾಯಿ ಗಾಳಿಗೆ ಕಪ್ಪಾಗುವಂತೆ, ಜಜ್ಜಿದ ಚಹಾ ಎಲೆಯೂ ಗಾಳಿಯ ಆಮ್ಲಜನಕ ತಾಗಿ ಕಂದಾಗುತ್ತದೆ. ಎಲೆ ಕಿತ್ತ ಸ್ವಲ್ಪ ಹೊತ್ತಿಗೇ ಹಬೆಯಲ್ಲಿ ಅಥವಾ ಬಾಣಲೆಯಲ್ಲಿ ಬಿಸಿಮಾಡಿ ಈ ಕ್ರಿಯೆಯನ್ನು ತಡೆದರೆ ಹಸಿರು ಚಹಾ. ಅರ್ಧ ದಾರಿಯಲ್ಲಿ ನಿಲ್ಲಿಸಿದರೆ ಊಲಾಂಗ್. ಪೂರ್ತಿಯಾಗಲು ಬಿಟ್ಟು ಒಣಗಿಸಿದರೆ ಕಪ್ಪು ಚಹಾ. ಎಳೆಯ ಮೊಗ್ಗನ್ನು ತಿರುಚದೆ ಬಾಡಿಸಿ ಒಣಗಿಸಿದರೆ ಬಿಳಿ ಚಹಾ.

ಕಪ್ಪು ಚಹಾದಲ್ಲಿಯೂ ಎರಡು ಕುಲ. ಹಳೆಯ ಪದ್ಧತಿಯಲ್ಲಿ ಎಲೆಯನ್ನು ಉರುಳಿಸಿ, ಹೊಸೆದು, ಆಕಾರ ಉಳಿಸಿಕೊಂಡು ಒಣಗಿಸುತ್ತಾರೆ. ಅದಕ್ಕೆ ‘ಆರ್ಥೊಡಾಕ್ಸ್’ ಎಂದು ಹೆಸರು. ಎರಡನೆಯದು ಸಿಟಿಸಿ. 1930ರ ದಶಕದ ಆರಂಭದಲ್ಲಿ ಅಸ್ಸಾಮಿನ ಅಮ್ಗುರಿ ತೋಟದಲ್ಲಿ ವಿಲಿಯಂ ಮೆಕೆರ್ಚರ್ ರೂಪಿಸಿದ ಯಂತ್ರದ ವಿಧಾನ ಅದು. ಹಲ್ಲುಗಳಿರುವ ಎರಡು ಉರುಳೆಗಳ ನಡುವೆ ಎಲೆ ಜಜ್ಜಿ, ಹರಿದು, ಸುರುಳಿಗಟ್ಟಿ ಸಾಸಿವೆಯಂಥ ಕಾಳಾಗುತ್ತದೆ. ಕಾಳು ಚಿಕ್ಕದಾದಷ್ಟೂ ಬಣ್ಣ ಮತ್ತು ಕಸುವು ಬೇಗ ಇಳಿಯುತ್ತವೆ. ಅಷ್ಟೇ ತೂಕದಲ್ಲಿ ಹೆಚ್ಚು ಲೋಟ ಚಹಾ ಆಗುತ್ತದೆ. ಇಂದು ಭಾರತದಲ್ಲಿ ತಯಾರಾಗುವ ಚಹಾದ ಬಹುಪಾಲು ಸಿಟಿಸಿಯೇ.

ಕುದಿಸುವ ಪದ್ಧತಿಗೆ ಇದರಲ್ಲಿ ಉತ್ತರವಿದೆ. 1903ರಲ್ಲಿ ಸರ್ಕಾರ ಚಹಾ ರಫ್ತಿನ ಮೇಲೆ ಸೆಸ್ ಹಾಕಿ, ಆ ಹಣವನ್ನು ಚಹಾದ ಪ್ರಚಾರಕ್ಕೆ ಮುಡಿಪಿಟ್ಟಿತು. 1930ರ ದಶಕದಲ್ಲಿ ಬೆಲೆ ಕುಸಿದಾಗ ಪ್ರಚಾರ ಭಾರತದೊಳಗೇ ಜೋರಾಯಿತು. ರೈಲು ನಿಲ್ದಾಣಗಳಲ್ಲಿ ಎನಾಮಲ್ ಫಲಕಗಳು ಬಂದವು; ಜಾತ್ರೆಗಳಲ್ಲಿ ಚಹಾ ಮಾಡಿ ತೋರಿಸಿದರು. ಅವರು ಕಲಿಸಹೊರಟದ್ದು ಇಂಗ್ಲಿಷರ ಕ್ರಮ: ಎಲೆಗೆ ಕುದಿನೀರು ಸುರಿ, ಮುಚ್ಚಿಡು, ಸೋಸು, ಆಮೇಲೆ ಹಾಲು ಬೆರೆಸು. ಜನ ಚಹಾವನ್ನು ಒಪ್ಪಿಕೊಂಡರು, ಕ್ರಮವನ್ನು ಒಪ್ಪಲಿಲ್ಲ. ಕೈಗೆ ಸಿಕ್ಕ ಅಗ್ಗದ ಪುಡಿಯನ್ನು ಹಾಲು, ಸಕ್ಕರೆ, ಮಸಾಲೆಯೊಂದಿಗೆ ಕುದಿಸಿದರು. ಸಿಟಿಸಿ ಹರಡಿದ ಮೇಲೆ ಈ ಕ್ರಮವೇ ಗಟ್ಟಿಯಾಯಿತು. ಅದರಲ್ಲಿ ತಪ್ಪೇನಿಲ್ಲ. ಸಿಟಿಸಿಯ ಒಗರನ್ನು ಹಾಲಿನ ಪ್ರೋಟೀನು ಹಿಡಿದುಕೊಂಡು ಮೆದುಗೊಳಿಸುತ್ತದೆ. ಕುದಿತಕ್ಕೆ ಆ ಕಾಳು ತಕ್ಕದ್ದು. ಇಡಿ ಎಲೆಯನ್ನು ಹಾಗೆ ಕುದಿಸಿದರೆ ಮಾತ್ರ ಪರಿಮಳ ಆವಿಯಾಗಿ ಹೋಗಿ ಕಹಿಯೊಂದೇ ಉಳಿಯುತ್ತದೆ.

ಇವೆರಡರ ನಡುವೆ ಮೂರನೆಯ ದಾರಿಯೊಂದು ಬೀದರ್ ಸೀಮೆಯವರಿಗೆ ಚೆನ್ನಾಗಿ ಗೊತ್ತು. ಈ ಪ್ರದೇಶ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ಸಂಸ್ಥಾನ, ಬಳಿಕ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಹುಮನಾಬಾದದ ಮೇಲೆ ಹಾದುಹೋಗುವ ಹೆದ್ದಾರಿ ಇಂದಿಗೂ ಪುಣೆಯನ್ನು ಹೈದರಾಬಾದಿಗೆ ಜೋಡಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇರಾನಿನಿಂದ ಮುಂಬೈ, ಪುಣೆಗಳಿಗೆ, ಅಲ್ಲಿಂದ ಹೈದರಾಬಾದಿಗೆ ಬಂದು ನೆಲೆಸಿದವರು ಇರಾನಿ ಹೋಟೆಲುಗಳನ್ನು ತೆರೆದರು. ಅಲ್ಲಿ ಚಹಾ ಡಿಕಾಕ್ಷನ್ ಬೇರೆ, ಹಾಲು ಬೇರೆ. ಪಾತ್ರೆಯ ಬಾಯನ್ನು ಬಟ್ಟೆಯಿಂದಲೋ ಕಣಕದಿಂದಲೋ ಬಿಗಿದು, ಸಣ್ಣ ಉರಿಯಲ್ಲಿ ಡಿಕಾಕ್ಷನ್ನನ್ನು ‘ದಮ್’ ಕೊಡುತ್ತಾರೆ. ಹಾಲನ್ನು ಬೇರೆ ಒಲೆಯ ಮೇಲೆ ಗಟ್ಟಿಯಾಗುವಂತೆ ಕಾಯಿಸುತ್ತಾರೆ. ಎರಡೂ ಕೂಡುವುದು ಕಪ್ಪಿನಲ್ಲೇ. ಬಿರಿಯಾನಿಯ ದಮ್ಮಿನ ಹಾಗೆಯೇ ಇದರ ಉದ್ದೇಶವೂ ಪರಿಮಳ ಹೊರಗೆ ಹೋಗದಂತೆ ಹಿಡಿಯುವುದು. ನೆನೆಸುವಾಗ ಮುಚ್ಚಳ ಮುಚ್ಚುವುದರ ಹಿಂದಿನ ತಿಳಿವಳಿಕೆಯೂ ಇದೇ.

ಎಲೆಗಿಂತ ಮೊದಲು ನೀರಿನ ಮಾತು ಬರಬೇಕು. ಲೋಟದಲ್ಲಿರುವ ಕರಿ ಚಹಾದಲ್ಲಿ ಹೆಚ್ಚುಕಡಿಮೆ ಎಲ್ಲವೂ ನೀರೇ. ಇದೇ ಜಿಲ್ಲೆಯ ಬಸವಕಲ್ಯಾಣ ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾಗಿತ್ತು. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ ಸುಮಾರು 1130ರ ವೇಳೆಗೆ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗದ ಜೊತೆಗೆ ಪಾನೀಯಭೋಗವೂ ಒಂದು ಅಧ್ಯಾಯ. ನೀರು ಬಂದ ಮೂಲ ಯಾವುದು, ಅದಕ್ಕೆ ಸುವಾಸನೆ ಕೊಡುವುದು ಹೇಗೆ ಎಂಬುದೆಲ್ಲ ಅಲ್ಲಿ ವಿಚಾರದ ವಸ್ತು. ಚಹಾದ ಹೆಸರೇ ಕೇಳದ ಕಾಲದಲ್ಲಿ ಕಲ್ಯಾಣದ ಅರಮನೆ ನೀರಿನ ರುಚಿ ನೋಡುತ್ತಿತ್ತು. ಈಗ ಚಹಾದ ರುಚಿ ನೋಡುವವರಿಗೂ ಅದೇ ಮೊದಲ ಪಾಠ. ಗಡಸು ನೀರಿನಲ್ಲಿ ಚಹಾ ಮಂಕಾಗುತ್ತದೆ, ಮೇಲೆ ತೆಳ್ಳನೆಯ ಕೆನೆಯಂಥ ಪೊರೆ ಕಟ್ಟುತ್ತದೆ. ಕೊಳವೆಬಾವಿಯ ನೀರು ಗಡಸಾಗಿದ್ದರೆ ಅದನ್ನು ಮೊದಲೇ ಕುದಿಸಿ ಆರಿಸಿ, ಸುಣ್ಣದಂಥದು ತಳಕ್ಕಿಳಿದ ಮೇಲೆ ತಿಳಿನೀರನ್ನು ಬಗ್ಗಿಸಿಕೊಂಡು ಮತ್ತೆ ಕಾಯಿಸಿದರೆ ವ್ಯತ್ಯಾಸ ನಾಲಿಗೆಗೆ ತಿಳಿಯುತ್ತದೆ.

ರುಚಿ ನೋಡುವುದಕ್ಕೆ ಒಂದು ಅಂತರರಾಷ್ಟ್ರೀಯ ಮಾನಕವೂ ಇದೆ. 1980ರಲ್ಲಿ ಪ್ರಕಟವಾದ ಐಎಸ್‌ಒ 3103ರ ಪ್ರಕಾರ ಬಿಳಿಯ ಪಿಂಗಾಣಿ ಪಾತ್ರೆಯಲ್ಲಿ 100 ಮಿಲಿಲೀಟರ್ ನೀರಿಗೆ 2 ಗ್ರಾಂ ಚಹಾ ಹಾಕಿ, ಕುದಿನೀರು ಸುರಿದು, ಮುಚ್ಚಿ, 6 ನಿಮಿಷ ಬಿಡಬೇಕು. ಇದೇ ಬಗೆಯ ಬ್ರಿಟಿಷ್ ಮಾನಕಕ್ಕೆ 1999ರಲ್ಲಿ ‘ಇಗ್ ನೊಬೆಲ್’ ಎಂಬ ಹಾಸ್ಯದ ಬಹುಮಾನ ಬಂತು. ಒಂದು ಕಪ್ ಚಹಾ ಮಾಡುವುದಕ್ಕೆ ಆರು ಪುಟಗಳ ವಿವರಣೆಯೇ ಎಂದು ಜಗತ್ತು ನಕ್ಕಿತು. ಆದರೆ ಆ ವಿವರಣೆ ಕುಡಿಯುವ ಸುಖಕ್ಕಾಗಿ ಬರೆದದ್ದಲ್ಲ, ಹೋಲಿಸುವುದಕ್ಕಾಗಿ ಬರೆದದ್ದು. ತೂಕ, ನೀರು, ಸಮಯ ಮೂರೂ ಒಂದೇ ಆಗಿದ್ದರೆ ಉಳಿಯುವ ವ್ಯತ್ಯಾಸ ಎಲೆಯದು. ಕೋಲ್ಕತ್ತದಲ್ಲಿ 1861ರಿಂದ, ಕೂನೂರಿನಲ್ಲಿ 1963ರಿಂದ ನಡೆದುಬಂದಿರುವ ಚಹಾ ಹರಾಜಿನ ವ್ಯಾಪಾರ ನಿಂತಿರುವುದು ಇಂಥ ಹೋಲಿಕೆಯ ಮೇಲೆಯೇ.

ಹರಾಜಿಗೆ ಮುಂಚೆ ರುಚಿಗಾರರು ನೋಡುವುದು ಮೂರನ್ನು: ಒಣ ಎಲೆ, ನೆನೆದ ಎಲೆ, ಸೋಸಿದ ರಸ. ಒಣ ಎಲೆಯಲ್ಲಿ ಗಾತ್ರ ಸಮವಾಗಿದೆಯೆ, ಕಡ್ಡಿ, ಧೂಳು ಎಷ್ಟಿದೆ ಎಂದು ನೋಡುತ್ತಾರೆ. ನೆನೆದ ಎಲೆ ತಾಮ್ರದ ಬಣ್ಣಕ್ಕೆ ಹೊಳೆಯುತ್ತಿದ್ದರೆ ಕಪ್ಪು ಚಹಾ ಚೆನ್ನಾಗಿ ತಯಾರಾಗಿದೆ ಎಂದರ್ಥ. ರಸವನ್ನು ಚಮಚೆಯಲ್ಲಿ ತೆಗೆದುಕೊಂಡು ಗಾಳಿಯೊಂದಿಗೆ ‘ಸುರ್’ ಎಂದು ಜೋರಾಗಿ ಹೀರಿ, ಬಾಯೆಲ್ಲ ಆಡಿಸಿ, ಉಗುಳುತ್ತಾರೆ. ಹಾಗೆ ಹೀರಿದಾಗ ರಸ ಹನಿಹನಿಯಾಗಿ ನಾಲಿಗೆಯ ಮೇಲೆ ಹರಡುತ್ತದೆ, ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ಬಸಿಯಲ್ಲಿ ಚಹಾ ಸುರಿದುಕೊಂಡು ‘ಸೊರ್’ ಎಂದು ಹೀರುವ ಹಳ್ಳಿಯ ಹಿರಿಯರನ್ನು ಕಂಡು ಪೇಟೆಯವರು ಮುಖ ಸಿಂಡರಿಸುವುದುಂಟು. ಪರಿಣತರು ಸಂಬಳ ತೆಗೆದುಕೊಂಡು ಮಾಡುವುದನ್ನೇ ಆ ಹಿರಿಯರು ಪುಕ್ಕಟೆಯಾಗಿ ಮಾಡುತ್ತಾರೆ.

ಮನೆಯಲ್ಲಿ ಕುಡಿಯಲು ನೆನೆಸುವಾಗ ಕಾವು ಮತ್ತು ಹೊತ್ತು ಎಲೆಗೆ ತಕ್ಕಂತೆ ಬದಲಾಗಬೇಕು. ಕಪ್ಪು ಚಹಾಕ್ಕೆ ಕುದಿನೀರು, 3ರಿಂದ 5 ನಿಮಿಷ. ಊಲಾಂಗಿಗೆ ಕುದಿಯುವುದು ನಿಂತ ಮೇಲಿನ ನೀರು, ಸುಮಾರು 90 ಡಿಗ್ರಿ. ಹಸಿರು ಚಹಾಕ್ಕೆ 75ರಿಂದ 80 ಡಿಗ್ರಿ, 2-3 ನಿಮಿಷ ಸಾಕು. ಮಾಪಕವಿಲ್ಲದಿದ್ದರೆ ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಕಾಣಿಸಿ, ಮೇಲೆ ಆವಿಯಾಡಲು ತೊಡಗಿದಾಗ ಇಳಿಸಿದರಾಯಿತು. ಹಸಿರು ಚಹಾ ಕಹಿಯೆಂದು ದೂರುವ ಹಲವರು ಕಹಿಯನ್ನು ತಾವೇ ಕುದಿನೀರು ಸುರಿದು ತರಿಸಿಕೊಂಡಿರುತ್ತಾರೆ. ಒಳ್ಳೆಯ ಇಡಿ ಎಲೆಗೆ ಇನ್ನೊಂದು ಗುಣವಿದೆ. ಊಲಾಂಗ್, ಹಸಿರು ಚಹಾಗಳನ್ನು ಎರಡು-ಮೂರು ಸಲ ನೆನೆಸಬಹುದು. ಒಂದೊಂದು ಸಲವೂ ರುಚಿ ಬೇರೆ. ಬೆಲೆ ಹೆಚ್ಚೆನಿಸುವ ಎಲೆಯ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಬೇಕು.

ಇಂಥ ಎಲೆಗಾಗಿ ಡಾರ್ಜಿಲಿಂಗಿಗೇ ಹೋಗಬೇಕಿಲ್ಲ. ಕಾಫಿಯ ನಾಡೆನಿಸಿದ ಕರ್ನಾಟಕದಲ್ಲೂ ಚಹಾ ತೋಟಗಳಿವೆ: ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು, ಹಾಸನ ಜಿಲ್ಲೆಯ ಸಕಲೇಶಪುರದ ಬಳಿಯ ಕಾಡಮನೆ. ಪಕ್ಕದ ನೀಲಗಿರಿಯ ಆರ್ಥೊಡಾಕ್ಸ್ ಎಲೆ ಹಗುರ ಪರಿಮಳಕ್ಕೆ ಹೆಸರಾದದ್ದು. ನೀಲಗಿರಿ, ಅಸ್ಸಾಂ, ಡಾರ್ಜಿಲಿಂಗಿನ ಎಲೆಗಳನ್ನು ಮೂರು ಬಿಳಿ ಕಪ್ಪುಗಳಲ್ಲಿ ಅಕ್ಕಪಕ್ಕ ನೆನೆಸಿ ನೋಡಿದರೆ ಪುಸ್ತಕ ಹೇಳಿಕೊಡದ್ದನ್ನು ಕಣ್ಣು ಮೂಗುಗಳೇ ಹೇಳಿಕೊಡುತ್ತವೆ. ಅಸ್ಸಾಮಿನದು ಗಾಢ, ಕಸುವಿನದು. ಡಾರ್ಜಿಲಿಂಗಿನ ವಸಂತದ ಮೊದಲ ಕೊಯ್ಲು ತೆಳು ಹೊನ್ನಿನ ಬಣ್ಣದ್ದು. ಬಣ್ಣ ತೆಳುವಾದರೆ ಚಹಾ ಕಳಪೆ ಎಂಬ ನಂಬಿಕೆ ಅಲ್ಲಿಗೇ ಬಿದ್ದುಹೋಗುತ್ತದೆ.

ಆ ನಂಬಿಕೆ ಬೀಳುವುದು ಮುಖ್ಯ. ಗಿರಾಕಿ ಬಣ್ಣವೊಂದನ್ನೇ ನೋಡುತ್ತಾನೆಂದು ತಿಳಿದವನು ಬಣ್ಣವನ್ನೇ ಮಾರುತ್ತಾನೆ. ಒಮ್ಮೆ ಕುದಿಸಿದ ಚರಟವನ್ನು ಒಣಗಿಸಿ ಬಣ್ಣ ಹಾಕಿ ಬೆರೆಸುವುದು ಚಹಾದ ಹಳೆಯ ಕಲಬೆರಕೆ. 2024ರಲ್ಲಿ ಕರ್ನಾಟಕದಲ್ಲಿ ಚಹಾ ಪುಡಿಯ ಕೃತಕ ಬಣ್ಣ, ಕೀಟನಾಶಕದ ಶೇಷಗಳ ಪ್ರಶ್ನೆ ಎದ್ದಾಗ ಉತ್ತರದ ಜಿಲ್ಲೆಗಳಿಂದ ಮಾದರಿಗಳನ್ನು ಸಂಗ್ರಹಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಬಿಡಿಯಾಗಿ ತೂಗಿ ಮಾರುವ ಪುಡಿಯೆಲ್ಲ ಕಲಬೆರಕೆಯಲ್ಲ. ಪೊಟ್ಟಣದಲ್ಲಿರುವುದೆಲ್ಲ ಶುದ್ಧವೆಂದೂ ಅಲ್ಲ. ಆದರೆ ಬಿಡಿ ಪುಡಿಯ ಮೇಲೆ ತಯಾರಿಸಿದವರ ಹೆಸರಿಲ್ಲ, ತಾರೀಖಿಲ್ಲ. ಅದನ್ನು ಕೊಳ್ಳುವವರು ಬಹುಮಟ್ಟಿಗೆ ದಿನಗೂಲಿಯ ಮನೆಯವರು, ರಸ್ತೆ ಬದಿಯ ಸಣ್ಣ ಹೋಟೆಲಿನವರು. ಪರೀಕ್ಷಿಸುವ ಕಲೆ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಅವರಿಗೆ.

ಪರೀಕ್ಷೆಗೆ ಪ್ರಯೋಗಶಾಲೆಯೇ ಬೇಕೆಂದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ ಸಾರ್ವಜನಿಕರಿಗೆ ಸೂಚಿಸಿದ ವಿಧಾನ ಸರಳವಾಗಿದೆ. ಸೋಸುವ ಬಿಳಿ ಕಾಗದದ ಮೇಲೆ ಸ್ವಲ್ಪ ಪುಡಿ ಹರಡಿ, ತಣ್ಣೀರು ಚಿಮುಕಿಸಿ, ಬಳಿಕ ಪುಡಿ ತೊಳೆದು ಕಾಗದವನ್ನು ಬೆಳಕಿಗೆ ಹಿಡಿಯಬೇಕು. ಬಣ್ಣ ಬೆರೆಸಿದ ಪುಡಿ ಕಲೆ ಬಿಡುತ್ತದೆ. ಪುಡಿಯ ಮೇಲೆ ಆಯಸ್ಕಾಂತ ಆಡಿಸಿದರೆ ಕಬ್ಬಿಣದ ಚೂರು ಬೆರೆತಿದ್ದರೆ ಅಂಟಿಕೊಳ್ಳುತ್ತದೆ. ಇದರ ಜೊತೆಗೆ ರುಚಿಗಾರರ ಕ್ರಮವನ್ನೂ ಸೇರಿಸಬಹುದು: ಒಂದು ಚಮಚೆ ಪುಡಿಗೆ ಕುದಿನೀರು ಸುರಿದು, ಮುಚ್ಚಿಟ್ಟು, ಹಾಲು ಸಕ್ಕರೆ ಹಾಕದೆ ಒಂದು ಗುಟುಕು ಕುಡಿಯುವುದು. ಒಳ್ಳೆಯ ಚಹಾದಲ್ಲಿ ಒಗರಿನ ಚುರುಕು ಇರುತ್ತದೆ, ಎಲೆಯ ವಾಸನೆ ಇರುತ್ತದೆ. ಕಸುವಿರುವ ಕಪ್ಪು ಚಹಾ ತಣ್ಣಗಾದಾಗ ರಸ ಮೆಲ್ಲಗೆ ಮಸುಕಾಗುತ್ತದೆ. ಅದು ದೋಷವಲ್ಲ, ಸತ್ವದ ಗುರುತು. ಬಣ್ಣ ಗಾಢವಾಗಿದ್ದೂ ವಾಸನೆಯಿಲ್ಲದೆ, ಒಗರಿಲ್ಲದೆ, ನೀರು ಕುಡಿದಂತಾದರೆ ಆ ಪುಡಿಯನ್ನು ಅನುಮಾನಿಸಬೇಕು.

ಹೀಗೆ ಹೇಳಿದ ಮಾತ್ರಕ್ಕೆ ನಾಳೆಯಿಂದ ಮನೆಮನೆಯಲ್ಲಿ ಶುಂಠಿ ಹಾಕಿ ಕುದಿಸುವ ಚಹಾ ನಿಲ್ಲಬೇಕಾಗಿಲ್ಲ. ಮಳೆಗಾಲದ ಸಂಜೆ ಅದಕ್ಕೆ ಸಮನಾದದ್ದು ಇಲ್ಲ. ಹೊಸ ಪುಡಿ ತಂದ ದಿನ ಮೊದಲ ಲೋಟವನ್ನು ನೆನೆಸಿ ನೋಡುವುದು, ಎರಡನೆಯ ಲೋಟದಿಂದ ಕುದಿಸಿಕೊಳ್ಳುವುದು: ಇಷ್ಟು ರೂಢಿಯಾದರೆ ಸಾಕು. ರುಚಿ ಬಲ್ಲ ಗಿರಾಕಿ ನಾಲ್ಕು ಜನ ಊರಲ್ಲಿದ್ದರೆ, ಮುಂದಿನ ಸಲ ಸಾಮಾನು ತರುವಾಗ ಕಿರಾಣಿ ಅಂಗಡಿಯವರೂ ಬಣ್ಣದ ಬದಲು ಎಲೆಯನ್ನು ನೋಡಿ ತರುತ್ತಾರೆ.