ಪದವಿಯೂ ದಾಸೋಹವೂ



ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಕೆಂಪುಬಾಳೆಗೆ ಹೆಸರಾದ ಕಮಲಾಪುರವಿರುವುದು. ಹಿಂದೆ ಈ ಊರಿನ ಹೆಸರಿನಲ್ಲಿ ವಿಧಾನಸಭೆಯ ಮೀಸಲು ಕ್ಷೇತ್ರವೊಂದು ಇದ್ದಿತು. 2008ರ ಕ್ಷೇತ್ರವಿಂಗಡಣೆಯಲ್ಲಿ ಆ ಹೆಸರಳಿದು ಗುಲ್ಬರ್ಗಾ ಗ್ರಾಮೀಣ ಕ್ಷೇತ್ರವುಂಟಾಯಿತು. ಪೀಠವನ್ನೇರಿದವನು ಇಳಿಯುವುದು ಲೋಕರೂಢಿ; ಪೀಠವೇ ಇಲ್ಲವಾಗುವುದೂ ಉಂಟೆಂಬುದಕ್ಕೆ ಇದೇ ನಿದರ್ಶನ. ಹಾಗಾದರೆ ಶಾಸಕನ ಬಾಳಿನಲ್ಲಿ ಉಳಿಯತಕ್ಕುದು ಯಾವುದು?

ಇಂದಿನ ಶಾಸಕರಲ್ಲಿ ಒಕ್ಕಲಿಗರು, ವಕೀಲರು, ವಿದ್ಯಾಸಂಸ್ಥೆಗಳವರು, ರೆಸಾರ್ಟೆಂದು ಜನರು ಕರೆಯುವ ವಿಹಾರಧಾಮಗಳ ಒಡೆಯರು, ಎಲ್ಲರೂ ಇರುವರು. ಸಂಪಾದನೆಯು ಪಾಪವಲ್ಲ, ಸತ್ಯಶುದ್ಧ ಕಾಯಕದಿಂದ ಬಂದ ಧನವನ್ನು ಶರಣರು ನಿಂದಿಸಲಿಲ್ಲ. ಆದರೆ ಸ್ವಂತ ಗೃಹಕ್ಕೆ ಒಡೆಯನಾದವನು ಪ್ರಜೆಗಳಿತ್ತ ಪೀಠಕ್ಕೂ ತಾನೇ ಒಡೆಯನೆಂದು ಬಗೆದಲ್ಲಿ ದೋಷವು ಮೊದಲಾಗುವುದು.

ಈ ಜಿಲ್ಲೆಯವರೇ ಆದ ವೀರೇಂದ್ರ ಪಾಟೀಲರ ಚರಿತ್ರೆಯನ್ನು ಇಲ್ಲಿ ನೆನೆಯಬೇಕು. 1924ರಲ್ಲಿ ಚಿಂಚೋಳಿಯಲ್ಲಿ, ನಿಜಾಮರ ಆಳಿಕೆಯ ಕಾಲದಲ್ಲಿ ಜನಿಸಿದ ಅವರು, ಅದೇ ಚಿಂಚೋಳಿಯಿಂದ ವಿಧಾನಸಭೆಯನ್ನು ಪ್ರವೇಶಿಸಿ, 1968ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. 1969ರ ಕಾಂಗ್ರೆಸ್ಸಿನ ಒಡಕಿನಲ್ಲಿ ನಿಜಲಿಂಗಪ್ಪನವರ ಪಕ್ಷವನ್ನು ಬಿಡದೆ ನಿಂತು, 1971ರಲ್ಲಿ ಅಧಿಕಾರವನ್ನು ಕಳೆದುಕೊಂಡರು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರಿಗೆ ಎದುರಾಗಿ ಸೋತರು. ಬಳಿಕ ಅವರದೇ ಪಕ್ಷವನ್ನು ಸೇರಿ ಕೇಂದ್ರದ ಮಂತ್ರಿಯೂ ಆದರು. ಇದನ್ನು ಕೆಲವರು ಚಂಚಲತೆಯೆಂದರು, ಕೆಲವರು ವಿವೇಕವೆಂದರು. 1989ರಲ್ಲಿ ಅವರ ಮುಂದಾಳುತನದಲ್ಲಿ ಪಕ್ಷವು 224 ಸ್ಥಾನಗಳಲ್ಲಿ 178ನ್ನು ಗೆದ್ದಿತು. ಸಾರಾಯಿ ಗುತ್ತಿಗೆದಾರರ ವಿಷಯದಲ್ಲಿ ಅವರು ಬಿಗಿಯಾದ ನಿಲುವನ್ನು ತಳೆದರು. ಆದರೂ 1990ರ ಅಕ್ಟೋಬರಿನಲ್ಲಿ, ಕೋಮುಗಲಭೆಯ ದಿನಗಳಲ್ಲಿ, ಅವರು ರೋಗಪೀಡಿತರಾಗಿದ್ದಾಗಲೇ, ಪಕ್ಷದ ಅಧ್ಯಕ್ಷರಾದ ರಾಜೀವ ಗಾಂಧಿಯವರು ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ನಾಯಕತ್ವದ ಬದಲಾವಣೆಯನ್ನು ಸಾರಿದರು. 178 ಸ್ಥಾನಗಳ ಬಲವೂ ಪೂರ್ಣ ಒಂದು ವರ್ಷ ಪೀಠವನ್ನು ಕಾಯಲಾರದೆ ಹೋಯಿತು. 1997ರಲ್ಲಿ ಅವರು ಕಾಲವಶರಾದರು.

ಇದಕ್ಕೆ ಪ್ರತಿಯಾಗಿ ಕಲಬುರಗಿಯ ಶರಣಬಸವೇಶ್ವರರನ್ನು ನೋಡಿರಿ. ಅವರಿಗೆ ರಾಜಪದವಿಯಿರಲಿಲ್ಲ, ಮತಗಳ ಎಣಿಕೆಯಿರಲಿಲ್ಲ. ಇದ್ದುದು ಹೊಲದ ಬೆಳೆ, ಹಸಿದವರಿಗೆ ತೆರೆದ ಬಾಗಿಲು. 1822ರಲ್ಲಿ ಲಿಂಗೈಕ್ಯರಾದ ಆ ಮಹಾದಾಸೋಹಿಯ ಹೆಸರಿನಲ್ಲಿ ಇಂದಿಗೂ ದಾಸೋಹವು ನಡೆದಿರುವುದು. ಅತಿಥಿಗೆ ಬೆಲೆಯಿಟ್ಟು ಉಣಿಸುವುದು ವ್ಯಾಪಾರಧರ್ಮ, ಬೆಲೆಯಿಲ್ಲದೆ ಉಣಿಸುವುದು ದಾಸೋಹಧರ್ಮ. ಶಾಸಕನು ಮನೆಯಲ್ಲಿ ಮೊದಲನೆಯದನ್ನು ನಡೆಸಿದರೂ ನಡೆಸಲಿ; ಸಭೆಯಲ್ಲಿ ಎರಡನೆಯದನ್ನೇ ನಡೆಸಬೇಕು.

ಪದವಿಯು ಪರರ ಕೈಯದು, ದಾಸೋಹವು ತನ್ನ ಕೈಯದು. ಮತವನ್ನು ಬೇಡುವವರೂ ನೀಡುವವರೂ ಈ ಭೇದವನ್ನು ಅರಿತು ನಡೆಯುವಂತಾಗಲಿ.